ಚೆನ್ನಮ್ಮನ ಪಾತ್ರ ಸಿಗದವರಿಗೆ ಏನು ಕೆಲಸ?

ಕಿತ್ತೂರು ಉತ್ಸವ ಹತ್ತಿರವಾದಂತೆ ಈ ಭಾಗದ ಶಾಲೆಯಲ್ಲಿ ನಾಟಕ ಆಡಿಸೋಣ ಎಂದು ಹೊರಟರೆ ಕಥೆ ಹುಡುಕಬೇಕಾಗಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತು ಬಿದ್ದದ್ದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಕಷ್ಟ ಇರುವುದು ಪಾತ್ರ ಹಂಚುವಾಗ. ಒಬ್ಬಳು ಚೆನ್ನಮ್ಮ, ಒಬ್ಬ ರಾಯಣ್ಣ, ಒಬ್ಬ ಅಮಟೂರು ಬಾಳಪ್ಪ, ಬಣ್ಣ ಸ್ವಲ್ಪ ಬೆಳ್ಳಗಿದ್ದವನು ಥ್ಯಾಕರೆ. ಉಳಿದ ತರಗತಿಯೆಲ್ಲ ಈಟಿ ಹಿಡಿದು ನಿಲ್ಲುವ ಸೈನ್ಯ. ಮಾತು ಹೇಳಲು ನಾಚುವ, ಆದರೆ ಕೈ ಚುರುಕಾದ ಹುಡುಗ ಹುಡುಗಿಯರು ಆ ಸೈನ್ಯದಲ್ಲೇ ಇರುತ್ತಾರೆ. ಬೆಳಕು, ಸದ್ದು, ರಂಗಸಜ್ಜಿಕೆ, ಪ್ರಸಾಧನ, ಇವನ್ನು ಅವರಿಗೆ ಕಲಿಸಬಹುದು. ಅದಕ್ಕೆ ದೊಡ್ಡ ದುಡ್ಡು ಬೇಡ, ನಾಟಕ ಶಿಕ್ಷಕರ ಹುದ್ದೆಯೂ ಇರಬೇಕೆಂದಿಲ್ಲ. ವಿಜ್ಞಾನದ ಮೇಷ್ಟ್ರು, ಗಣಿತದ ಟೀಚರು ಒಪ್ಪಿದರೆ ಅರ್ಧ ಕೆಲಸ ಆದಂತೆ.

ಈ ಸೀಮೆಯಲ್ಲಿ ಎರಡು ಬಗೆಯ ರಂಗಭೂಮಿ ಇದೆ. ಒಂದು ಸಣ್ಣಾಟ. ಬೈಲಹೊಂಗಲದಲ್ಲೇ ನಡೆದ ಕಥೆ ಎನ್ನುವ ‘ಸಂಗ್ಯಾ ಬಾಳ್ಯಾ’ ಆಡಲು ಪರದೆ ಬೇಕಿಲ್ಲ. ಮೇಳ ಹಿಂದೆ ನಿಂತಿರುತ್ತದೆ, ಪಾತ್ರಧಾರಿ ಹಾಡುತ್ತ ಒಂದು ಸುತ್ತು ಹಾಕಿದರೆ ಊರು ಬದಲಾಗುತ್ತದೆ. ಇನ್ನೊಂದು ಕಂಪನಿ ನಾಟಕ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ಸುತ್ತಿದ್ದು ಈ ಎರಡನೆಯ ದಾರಿಯಲ್ಲಿ: ಬರೆದ ಪರದೆಗಳು, ವಿಂಗುಗಳು, ಹಗ್ಗ ಎಳೆದರೆ ಅರಮನೆ ಹೋಗಿ ಅಡವಿ ಬರುವ ಸೀನುಗಳು. ಶಾಲೆಗಳು ಸಾಮಾನ್ಯವಾಗಿ ಕಂಪನಿಯನ್ನು ಅನುಕರಿಸುತ್ತವೆ. ಡ್ರಾಮಾ ಸೀನ್ಸ್‌ನವರಿಂದ ಬಾಡಿಗೆಗೆ ಸಾಮಾನು ತರಿಸಿದರೆ ರಂಗವೇನೋ ಝಗಮಗಿಸುತ್ತದೆ. ಆದರೆ ಪರದೆ ಕಟ್ಟುವವರು, ಲೈಟು ಹಚ್ಚುವವರು ಎಲ್ಲ ಅವರ ಕಡೆಯವರೇ ಆಗಿ ಮಕ್ಕಳು ಕಲಿಯುವುದು ಸೊನ್ನೆ. ನನ್ನ ಕೇಳಿದರೆ ಸಣ್ಣಾಟದ ಬರಿ ರಂಗದಿಂದ ಆರಂಭಿಸಿ, ನಾಟಕಕ್ಕೆ ಬೇಕೇ ಬೇಕಾದ ಒಂದೊಂದನ್ನೇ ಸೇರಿಸುತ್ತ ಹೋಗುವುದು ಒಳ್ಳೆಯದು.

ಮೊದಲು ತರಬೇಕಾದದ್ದು ಲೈಟಲ್ಲ, ಇನ್ನೂರು ಪುಟದ ಒಂದು ನೋಟುಬುಕ್ಕು. ಎಡಪುಟಕ್ಕೆ ನಾಟಕದ ಪ್ರತಿ ಅಂಟಿಸಿ. ಬಲಪುಟದಲ್ಲಿ ಯಾವ ಮಾತಿಗೆ ಏನಾಗಬೇಕು ಎಂದು ಕ್ರಮಸಂಖ್ಯೆ ಹಾಕಿ ಬರೆಯಬೇಕು: ‘4. ಥ್ಯಾಕರೆ ಕೈ ಎತ್ತಿದಾಗ ತೋಪಿನ ಸದ್ದು. 5. ಸದ್ದು ಅಡಗಿದ ಮೇಲೆ ಎಡಗಡೆ ಲೈಟು ಬಂದ್.’ ಈ ಪುಸ್ತಕ ಹಿಡಿದು ಕೂರುವವಳು ಸ್ಟೇಜ್ ಮ್ಯಾನೇಜರ್. ನಾಟಕ ಶುರುವಾದ ಮೇಲೆ ಹೆಡ್‌ಮಾಸ್ತರರೂ ಆಕೆಯ ಮಾತು ಕೇಳಬೇಕು. ಆಕೆ ಎರಡು ಸಲ ಹೇಳುತ್ತಾಳೆ. ತುಸು ಮೊದಲು “ನಾಕು, ತಯಾರ್”, ಸರಿಯಾದ ಗಳಿಗೆಗೆ “ನಾಕು, ಬಿಡು”. ‘ಬಿಡು’ ಎನ್ನುವ ತನಕ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಈ ಶಿಸ್ತು ಬಂದರೆ ಎರಡೇ ಲೈಟಿನಲ್ಲೂ ನಾಟಕ ನಿಲ್ಲುತ್ತದೆ. ಇಲ್ಲದಿದ್ದರೆ ಇಪ್ಪತ್ತು ಲೈಟಿದ್ದರೂ ಕತ್ತಲಲ್ಲಿ ಚೆನ್ನಮ್ಮ ಮಾತಾಡುತ್ತಾಳೆ.

ಇನ್ನು ಬೆಳಕು. ಶಾಲೆಯ ಗ್ಯಾದರಿಂಗು ಬೆಳಗಿನ ಹತ್ತಕ್ಕೆ, ಶಾಮಿಯಾನದ ಕೆಳಗೆ ಎಂದಾದರೆ ಲೈಟಿನ ಆಸೆ ಬಿಡಿ, ಬಿಸಿಲಿನ ಮುಂದೆ ಅದು ಕಾಣುವುದಿಲ್ಲ. ಸಂಜೆಯ ಪ್ರಯೋಗವಾದರೆ ಹತ್ತನೆಯ ತರಗತಿಯ ವಿದ್ಯುತ್ ಪಾಠದಿಂದಲೇ ಶುರು ಮಾಡಬಹುದು. 500 ವಾಟಿನ ಒಂದು ಹ್ಯಾಲೋಜನ್ 230 ವೋಲ್ಟಿನಲ್ಲಿ ಸುಮಾರು 2.2 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಾಕೆಟ್ಟು ತಡೆಯುವುದು ಹೆಚ್ಚೆಂದರೆ 1380 ವಾಟು. ಅಂದರೆ ಎರಡು ಹ್ಯಾಲೋಜನ್ ಸರಿ, ಮೂರನೆಯದಕ್ಕೆ ಜಾಗವಿಲ್ಲ. ಅದೇ ಲೈನಿನಲ್ಲಿ ಮೈಕ್ ಸೆಟ್ಟು, ಫ್ಯಾನು ಇದ್ದರೆ ಅದನ್ನೂ ಕೂಡಿಸಬೇಕು. ಈ ಲೆಕ್ಕವನ್ನು ಮಕ್ಕಳೇ ಮಾಡಿ ಪ್ರತಿ ವೈರಿಗೆ ಚೀಟಿ ಅಂಟಿಸಲಿ. ಆದರೆ ಮೇನ್ ಬೋರ್ಡಿನಿಂದ ಲೈನು ಎಳೆಯುವ ಕೆಲಸ ಎಲೆಕ್ಟ್ರಿಷಿಯನ್‌ನದೇ. ವೈರಿನ ತುದಿ ಕೆರೆದು, ಬೆಂಕಿಕಡ್ಡಿ ಒತ್ತಿ ಸಾಕೆಟ್ಟಿಗೆ ತುರುಕುವ ನಮ್ಮ ಊರ ಜಾಣತನ ಶಾಲೆಯ ಅಂಗಳಕ್ಕೆ ಕಾಲಿಡಬಾರದು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಹೆಚ್ಚು ಭಾರ ಹಾಕಿದರೆ ಒಳಗೊಳಗೇ ಕಾಯುತ್ತದೆ, ಪೂರ್ತಿ ಬಿಚ್ಚಿಡಬೇಕು. ಹ್ಯಾಲೋಜನ್ನಿನಿಂದ ಬಟ್ಟೆಯ ಪರದೆ ಮೀಟರಿಗಿಂತ ದೂರವೇ ಇರಲಿ.

ಈಗ 100 ವಾಟಿನ ಎಲ್‌ಇಡಿ ಫ್ಲಡ್ ಲೈಟು ಸಿಗುತ್ತದೆ. ಅದು ಅರ್ಧ ಆಂಪಿಯರೂ ಎಳೆಯುವುದಿಲ್ಲ, ಬಿಸಿಯೂ ಕಡಿಮೆ. ಆದರೆ ಸಾಧಾರಣ ಎಲ್‌ಇಡಿ ಫ್ಲಡ್‌ಗಳನ್ನು ಡಿಮ್ಮರಿನಿಂದ ನಿಧಾನವಾಗಿ ಇಳಿಸಲಾಗುವುದಿಲ್ಲ. ಮುಂದೆ ರಟ್ಟು ಜಾರಿಸಿದರೆ ಆಯಿತು, ಅದಕ್ಕೂ ಒಬ್ಬ ಹುಡುಗನ ಕೈ ಬೇಕಾಗುತ್ತದೆ.

ಬೆಳಕು ಎಲ್ಲಿಂದ ಬರಬೇಕು ಎಂಬುದನ್ನು ತರಗತಿಯಲ್ಲೇ ಮೊಬೈಲ್ ಟಾರ್ಚಿನಿಂದ ತೋರಿಸಿ. ಗದ್ದದ ಕೆಳಗಿನಿಂದ ಹಿಡಿದರೆ ಮುಖ ದೆವ್ವದ್ದಾಗುತ್ತದೆ, ನೆತ್ತಿಯ ಮೇಲಿಂದ ಹಿಡಿದರೆ ಕಣ್ಣು ಗುಳಿಬೀಳುತ್ತವೆ. ಮುಂದಿನ ಎರಡೂ ಮೂಲೆಗಳಿಂದ, ಸುಮಾರು 45 ಡಿಗ್ರಿ ಎತ್ತರದಿಂದ ಬಿದ್ದರೆ ಮುಖ ಓದಲು ಬರುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದೂ ಇಲ್ಲೇ ಅರ್ಥವಾಗುತ್ತದೆ. ಆಮೇಲೆ ಕೆಂಪು ಜೆಲಟಿನ್ ಕಾಗದ ಹಿಡಿದು ಹಸಿರು ಸೀರೆಯ ಮೇಲೆ ಬಿಡಿ, ಸೀರೆ ಕಪ್ಪಾಗುತ್ತದೆ. ಉಡುಪಿನ ತಂಡದವರು ಲೈಟಿನವರನ್ನು ಕೇಳದೆ ಸೀರೆ ತರಬಾರದು ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

ಸಜ್ಜಿಕೆಯ ತಂಡವನ್ನು ಒಂದು ದಿನ ಕಿತ್ತೂರಿನ ಕೋಟೆಗೆ ಕರೆದೊಯ್ಯಿರಿ. ಉಳಿದಿರುವ ಅರಮನೆಯ ಗೋಡೆಗಳ ದಪ್ಪ, ಬಾಗಿಲಿನ ಎತ್ತರ, ಕಲ್ಲಿನ ಬಣ್ಣ ನೋಡಿ ಗುರುತು ಹಾಕಿಕೊಳ್ಳಲಿ. ಆಗ ಚೆನ್ನಮ್ಮನ ಅರಮನೆ ಸಿನಿಮಾದ ಅರಮನೆಯಂತೆ ಆಗುವುದಿಲ್ಲ. ರಂಗ 20 ಅಡಿಗೆ 16 ಅಡಿ ಇದ್ದರೆ ಅಡಿಗೊಂದು ಸೆಂಟಿಮೀಟರಿನಂತೆ ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದು, ಅದನ್ನೇ ಮೈದಾನದಲ್ಲಿ ರಂಗೋಲಿ ಪುಡಿಯಿಂದ ನಿಜ ಅಳತೆಗೆ ಹಾಕಬೇಕು. ತಾಲೀಮು ಮೊದಲ ದಿನದಿಂದ ಆ ಗೆರೆಯೊಳಗೇ ನಡೆಯಲಿ. ಗೋಡೆಗೆ ಮರದ ಪಟ್ಟಿಯ ಚೌಕಟ್ಟು, ಮೇಲೆ ಹಳೆಯ ಧೋತರ ಬಿಗಿದು ಬಣ್ಣ. ಮೂಲೆ ನೇರವಾಗಿದೆಯೇ ಎಂದು ನೋಡಲು ಒಂದು ಬದಿಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ ಕರ್ಣ ಅಳೆಯುವುದು. 5 ಅಡಿ ಬಂದರೆ ಮೂಲೆ ಸರಿ. ಪೈಥಾಗೊರಸನ ಪ್ರಮೇಯ ಇಷ್ಟು ಬೇಗ ಕೆಲಸಕ್ಕೆ ಬರುವುದು ಬೇರೆಲ್ಲೂ ಕಾಣೆ. ಹಿಂದೆ ಆನಿಕೆ ಕೊಟ್ಟು, ಬುಡಕ್ಕೆ ಗೊಬ್ಬರದ ಖಾಲಿ ಚೀಲದಲ್ಲಿ ಉಸುಕು ತುಂಬಿ ಇಡಬೇಕು, ಇಲ್ಲದಿದ್ದರೆ ಗಾಳಿಗೆ ಅರಮನೆ ಮುಗ್ಗರಿಸುತ್ತದೆ.

ಸದ್ದಿಗೆ ಮೊಬೈಲಿನ ಸಿನಿಮಾ ಸಂಗೀತ ಬೇಡ. ತಗಡು ಅಲುಗಿಸಿದರೆ ಗುಡುಗು, ಮೊರದಲ್ಲಿ ಜೋಳ ಆಡಿಸಿದರೆ ಮಳೆ, ತೆಂಗಿನ ಚಿಪ್ಪಿನಿಂದ ಕುದುರೆ. ತೋಪಿಗೆ ಪರದೆ ಹಿಂದೆ ಡೊಳ್ಳಿನ ಒಂದೇ ಪೆಟ್ಟು ಸಾಕು, ಪಟಾಕಿ ಸುತರಾಂ ಬೇಡ. ಮೈಕು ಕೂಗಿಕೊಂಡರೆ ಸ್ಪೀಕರು ಅದರ ಹಿಂದಿದೆ ಎಂದರ್ಥ, ಸ್ಪೀಕರನ್ನು ಮೈಕಿನ ಮುಂದಕ್ಕೆ, ಪ್ರೇಕ್ಷಕರ ಕಡೆಗೆ ತಿರುಗಿಸಿ ಇಡಬೇಕು.

ಬಣ್ಣ ಹಚ್ಚುವವರಿಗೆ ಒಂದು ಎಚ್ಚರಿಕೆ. ಹಳೆಯ ಆಟಗಳಲ್ಲಿ ಬಳಸುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ಹಿರಿಯ ಕಲಾವಿದರ ಪೆಟ್ಟಿಗೆಯನ್ನು ನೋಡಿ ಕಲಿಯಲಿ, ಮಕ್ಕಳ ಮುಖಕ್ಕೆ ಮಾತ್ರ ಅಂಗಡಿಯ ಸುರಕ್ಷಿತ ಬಣ್ಣವೇ ಬರಲಿ. ಹಿಂದಿನ ದಿನ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿದರೆ ತುರಿಕೆಯ ಭಯವಿಲ್ಲ.

ಪ್ರಯೋಗಕ್ಕೆ ಎರಡು ದಿನ ಮೊದಲು ನಟರ ಮಾತೆಲ್ಲ ಬಿಟ್ಟು, ನೋಟುಬುಕ್ಕಿನ ಒಂದು ಅಂಕಿಯಿಂದ ಇನ್ನೊಂದಕ್ಕೆ ಹಾರುತ್ತ ತಾಂತ್ರಿಕ ತಾಲೀಮು ನಡೆಸಬೇಕು. ನಟರಿಗೆ ಬೇಸರ ಬರುತ್ತದೆ, ಬರಲಿ. ವೇಳೆ ಎಲ್ಲಿಂದ ತರುವುದು ಎನ್ನುವ ಶಿಕ್ಷಕರು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳನ್ನು ನೆನಪಿಸಿಕೊಳ್ಳಬಹುದು. ಆಂಪಿಯರಿನ ಲೆಕ್ಕ ವಿಜ್ಞಾನಕ್ಕೆ, ಗ್ರಾಫಿನ ನಕ್ಷೆ ಗಣಿತಕ್ಕೆ, ಕೋಟೆಯ ಟಿಪ್ಪಣಿ ಸಮಾಜ ವಿಜ್ಞಾನಕ್ಕೆ, ಸೂಚನೆ ಬರೆದ ನೋಟುಬುಕ್ಕು ಕನ್ನಡಕ್ಕೆ ಅಂಕವಾಗಿ ಹೋಗುತ್ತದೆ. ಅಂಕ ಹಾಕಿದ ಮೇಲೆ ಆ ಪುಸ್ತಕವನ್ನು ಮಗುವಿಗೆ ಹಿಂದಿರುಗಿಸದೆ ಶಾಲೆಯ ಗ್ರಂಥಾಲಯದಲ್ಲೇ ಇಟ್ಟುಕೊಳ್ಳಿ, ಮುಂದಿನ ವರ್ಷದ ಎಂಟನೆಯ ತರಗತಿಯವರು ಅಲ್ಲಿಂದಲೇ ಶುರು ಮಾಡಬಹುದು.