ಅಕ್ಕನಿಗೆ ಹೇಳದೆ ಉಳಿದ ಮಾತು

ದಾವಣಗೆರೆ, ಹರಿಹರದ ಸೀಮೆಯಲ್ಲಿ 'ಬಂಗಾರದ ಮನುಷ್ಯ' ಎಂದರೆ ಬೇಸಾಯದ ಚಿತ್ರ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರಿಗೆ, ಬರಡು ನೆಲವನ್ನು ಹಸನು ಮಾಡುವ ರಾಜೀವ ತಮ್ಮವನಂತೆ ಕಂಡರೆ ಆಶ್ಚರ್ಯವಿಲ್ಲ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ 1972ರಲ್ಲಿ ತೆರೆಕಂಡು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಆದರೆ ಹೊಲ, ಹಾಡುಗಳ ನಡುವೆ ಅದರೊಳಗೆ ಇನ್ನೊಂದು ಮೆಲುದನಿಯ ಕಥೆಯಿದೆ. ಅದು ಅಕ್ಕ-ತಮ್ಮನದು.

ಭಾವ ತೀರಿಕೊಂಡ ಮನೆಗೆ ಬರುವ ರಾಜೀವ ಅಲ್ಲಿಯೇ ನಿಂತು ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸುತ್ತಾನೆ. ಭಾವನಿಗೆ ಇನ್ನೊಂದು ಸಂಸಾರವಿತ್ತೆಂಬುದು ಅವನಿಗೆ ತಿಳಿಯುತ್ತದೆ. ಆ ಹೆಂಗಸಿಗೂ ಮಕ್ಕಳಿಗೂ ಗುಟ್ಟಾಗಿ ನೆರವಾಗುತ್ತಾನೆ. ಅಕ್ಕನ ಮಗ ಕೇಶವ ಇದನ್ನು ಬೇರೆ ರೀತಿ ಅರ್ಥಮಾಡಿಕೊಂಡು ಸೋದರಮಾವನ ಮೇಲೆಯೇ ಅಪವಾದ ಹೊರಿಸುತ್ತಾನೆ. ರಾಜೀವ ಒಂದು ಮಾತು ಆಡಿದ್ದರೆ ಅಪವಾದ ತೊಳೆದುಹೋಗುತ್ತಿತ್ತು. ಆದರೆ ಆ ಮಾತು ಅಕ್ಕನ ಮನಸ್ಸಿನಲ್ಲಿದ್ದ ಗಂಡನನ್ನು ಕಸಿದುಕೊಳ್ಳುತ್ತಿತ್ತು. ಅವನು ಮಾತಾಡದೆ ಮನೆ ಬಿಟ್ಟು ಹೊರಡುತ್ತಾನೆ.

ನಮ್ಮ ಊರಿನ ಪ್ರೇಕ್ಷಕರ ಕಿವಿ ಪಳಗಿದ್ದು ಕಂಪನಿ ನಾಟಕಗಳಲ್ಲಿ. 2010ರಲ್ಲಿ ತೀರಿಕೊಂಡ ದಾವಣಗೆರೆಯ ಚಿಂದೋಡಿ ಲೀಲಾ ಅವರ ರಂಗಭೂಮಿ ಅದು. ಅಲ್ಲಿ ಕೊನೆಯ ಸಾಲಿನಲ್ಲಿ ಕೂತವನಿಗೂ ಸಂಕಟ ಮುಟ್ಟಬೇಕು. ಆದ್ದರಿಂದ ಅದನ್ನು ಗಟ್ಟಿಯಾಗಿ ಆಡಿಯೇ ತೋರಿಸಬೇಕು. ಕ್ಯಾಮೆರಾ ಮುಖದ ಹತ್ತಿರ ಹೋಗಬಲ್ಲುದು. ಹಾಗಾಗಿ ಸಿನಿಮಾದಲ್ಲಿ ಆಡದೆ ಉಳಿದ ಮಾತಿಗೂ ಬೆಲೆಯುಂಟು.

ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ 'ಶಾಖಾ ಪ್ರಶಾಖಾ' (1990) ಪೂರ್ತಿಯಾಗಿ ನಿಂತಿರುವುದೇ ಇದರ ಮೇಲೆ. ತಂದೆಗೆ ಹೃದಯಾಘಾತವಾದಾಗ ಕಲ್ಕತ್ತೆಯಿಂದ ಮೂವರು ಮಕ್ಕಳು ಬರುತ್ತಾರೆ. ಅಪಘಾತದಿಂದ ಬುದ್ಧಿ ಕದಡಿದ ಇನ್ನೊಬ್ಬ ಮಗ ಪ್ರಶಾಂತ ತಂದೆಯ ಜೊತೆಗೇ ಇರುವವನು. ಊಟದ ಮೇಜಿನಲ್ಲಿ ಅಣ್ಣತಮ್ಮಂದಿರ ಮಾತು ಕಪ್ಪುಹಣದತ್ತ ತಿರುಗಿದಾಗ ಪ್ರಶಾಂತ ಏನೂ ಹೇಳುವುದಿಲ್ಲ. ಮೇಜನ್ನು ಮತ್ತೆ ಮತ್ತೆ ಗುದ್ದುತ್ತಾನೆ. ಅಷ್ಟರಲ್ಲಿಯೇ ಆ ಮನೆಯ ಪ್ರಾಮಾಣಿಕತೆ ಯಾರ ಪಾಲಿಗೆ ಬಂದಿದೆ ಎಂಬುದು ನಮಗೆ ಗೊತ್ತಾಗಿಬಿಡುತ್ತದೆ.

ಬೆಳೆದ ಒಡಹುಟ್ಟಿದವರ ಸಂಬಂಧ ವಿಚಿತ್ರವಾದುದು. ಒಂದೇ ಮನೆಯಲ್ಲಿ ಉಂಡು ಬೆಳೆದವರು ಮುಂದೆ ಆಸ್ತಿಯ ಪಾಲಿನ ದಿನ, ತಿಥಿಯ ದಿನ ಸೇರುತ್ತಾರೆ. ಕ್ಷೇಮಸಮಾಚಾರ ಕೇಳುತ್ತಾರೆ, ಮುಖ್ಯವಾದುದನ್ನು ಬಿಡುತ್ತಾರೆ. ಇಂಥ ಚಿತ್ರಗಳನ್ನು ನೋಡುವಾಗ ಯಾರು ಏನೆಂದರು ಎಂಬುದಕ್ಕಿಂತ, ಯಾರು ಯಾವ ಮಾತನ್ನು ನುಂಗಿಕೊಂಡರು, ಯಾರಿಗಾಗಿ ನುಂಗಿಕೊಂಡರು ಎಂಬುದನ್ನು ಗಮನಿಸಬೇಕು.

ಹಾಗೆ ನೋಡಿದರೆ ರಾಜೀವನ ತ್ಯಾಗಕ್ಕೆ ಇನ್ನೊಂದು ಮಗ್ಗುಲು ಕಾಣುತ್ತದೆ. ಸತ್ಯ ಹೊರಬೀಳುವ ಹೊತ್ತಿಗೆ ಅವನು ಹೋಗಿಯಾಗಿರುತ್ತದೆ. ಗಂಡನ ಗುಟ್ಟೂ ತಿಳಿದು, ತಮ್ಮನೂ ಇಲ್ಲವಾಗಿ, ಅಕ್ಕ ಎರಡನ್ನೂ ಕಳೆದುಕೊಳ್ಳುತ್ತಾಳೆ. ಆ ಸತ್ಯವನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿತ್ತೇ? ತಮ್ಮ ಅದನ್ನು ಕೇಳಲೇ ಇಲ್ಲ. ಪ್ರೀತಿಯಿಂದಲೇ ಕೇಳಲಿಲ್ಲ ಎಂಬುದು ನಿಜ. ನಮ್ಮ ಮನೆಗಳಲ್ಲಿಯೂ ಎಷ್ಟೋ ಮಾತುಗಳು ಹೀಗೆಯೇ ಉಳಿದುಹೋಗಿವೆ.