ನೆಲದ ತೇವ: ವಾಯುಗುಣದ ಗಣಿತಮಾದರಿಗಳಲ್ಲಿ ಅದರ ನಾಮಕರಣ

ಮಳೆಯಾಗಿ ಬಿದ್ದ ನೀರಿನಲ್ಲಿ ಒಂದು ಭಾಗವು ಹರಿದು ಹಳ್ಳಕೊಳ್ಳಗಳನ್ನು ಸೇರುವುದು. ಮತ್ತೊಂದು ಭಾಗವು ನೆಲದೊಳಕ್ಕೆ ಇಂಗುವುದು. ಹೀಗೆ ಇಂಗಿ ಮಣ್ಣಿನಲ್ಲಿ ನಿಂತ ನೀರು ಬೆಳೆಗೆ ಮಾತ್ರ ಆಧಾರವೆಂದು ಭಾವಿಸಬಾರದು. ತೇವವಿರುವ ನೆಲದ ಮೇಲೆ ಬಿಸಿಲು ಬಿದ್ದಾಗ ಆ ಶಾಖದ ಬಹುಭಾಗವು ನೀರನ್ನು ಆವಿಯಾಗಿಸುವುದರಲ್ಲಿ ವ್ಯಯವಾಗುತ್ತದೆ. ನೆಲವು ಒಣಗಿದ್ದರೆ ಅದೇ ಶಾಖವು ಗಾಳಿಯನ್ನು ಕಾಯಿಸುತ್ತದೆ. ಆದುದರಿಂದ ನೆಲದ ತೇವವು ಬೇಸಗೆಯ ತಾಪವನ್ನೂ ಮುಂಬರುವ ಮಳೆಯನ್ನೂ ಪ್ರಭಾವಿಸಬಲ್ಲುದು. 2004ರಲ್ಲಿ ಕಾಸ್ಟರ್ ಮೊದಲಾದ ವಿದ್ವಾಂಸರು ಹನ್ನೆರಡು ಗಣಿತಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸಿ, ಈ ಪ್ರಭಾವವು ಪ್ರಬಲವಾಗಿ ಕಾಣುವ ಪ್ರದೇಶಗಳಲ್ಲಿ ಭಾರತವೂ ಒಂದೆಂದು ತೋರಿಸಿದರು. 2010ರಲ್ಲಿ ಜಾಗತಿಕ ವಾಯುಗುಣ ವೀಕ್ಷಣಾ ವ್ಯವಸ್ಥೆಯು ನೆಲದ ತೇವವನ್ನು ವಾಯುಗುಣದ ಅತ್ಯವಶ್ಯ ಪರಿಮಾಣಗಳ ಪಟ್ಟಿಗೆ ಸೇರಿಸಿತು.

ಇಷ್ಟು ಮಹತ್ತ್ವವುಳ್ಳ ಪರಿಮಾಣವನ್ನು ಯಾವ ಹೆಸರಿನಿಂದ, ಯಾವ ಮಾನದಿಂದ ಹೇಳತಕ್ಕದ್ದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಆದರೆ ಹೆಸರು ಒಂದೇ ಆಗಿದ್ದು ಅರ್ಥವು ಬೇರೆಯಾದರೆ ಲೆಕ್ಕವು ಕೆಡುವುದು. ಲೆಕ್ಕವು ಕೆಟ್ಟರೆ ಕ್ಷಾಮದ ಅಂದಾಜೂ ಕೆಡುವುದು.

ಆರಂಭದಲ್ಲಿ ಈ ತೊಡಕು ಇರಲಿಲ್ಲ. 1969ರಲ್ಲಿ ಮನಾಬೆಯವರು ರಚಿಸಿದ ಮಾದರಿಯಲ್ಲಿ ನೆಲವನ್ನು ಒಂದು ಕೊಳಗದಂತೆ ಕಲ್ಪಿಸಲಾಗಿತ್ತು. ಅದರಲ್ಲಿ 15 ಸೆಂಟಿಮೀಟರಿನಷ್ಟು ನೀರು ಹಿಡಿಯುವುದು. ಅದಕ್ಕೆ ಮೀರಿದುದು ತುಳುಕಿ ಹರಿದುಹೋಗುವುದು. ಒಂದು ಸ್ಥಳಕ್ಕೆ ಒಂದೇ ಸಂಖ್ಯೆ ಇದ್ದುದರಿಂದ ಅದನ್ನು ಏನೆಂದು ಕರೆದರೂ ಬಾಧಕವಿರಲಿಲ್ಲ. ತರುವಾಯದ ಮಾದರಿಗಳಲ್ಲಿ ನೆಲವು ಅನೇಕ ಪದರಗಳಾಗಿ ವಿಭಾಗಗೊಂಡಿತು. ಬೇರು ನೀರನ್ನು ಹೀರುವುದು, ನೀರು ಹೆಪ್ಪುಗಟ್ಟುವುದು, ಕೆಳಕ್ಕೆ ಬಸಿಯುವುದು ಇವೆಲ್ಲವೂ ಲೆಕ್ಕಕ್ಕೆ ಬಂದುವು. ಪದರಗಳ ಸಂಖ್ಯೆಯನ್ನೂ ದಪ್ಪವನ್ನೂ ಒಟ್ಟು ಆಳವನ್ನೂ ಒಂದೊಂದು ಸಂಸ್ಥೆಯು ಒಂದೊಂದು ಬಗೆಯಾಗಿ ಇಟ್ಟುಕೊಂಡಿತು.

‘ನೆಲದ ತೇವ’ ಎಂಬ ಒಂದೇ ಮಾತಿನಲ್ಲಿ ಅಡಗಿರುವ ಪರಿಮಾಣಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು, ಒಂದು ಚದರ ಮೀಟರು ನೆಲದ ಕೆಳಗೆ ಇರುವ ನೀರಿನ ತೂಕ. ಇದನ್ನು ಕಿಲೋಗ್ರಾಮುಗಳಲ್ಲಿ ಹೇಳುವರು. ಎರಡನೆಯದು, ಮಣ್ಣಿನ ಒಟ್ಟು ಗಾತ್ರದಲ್ಲಿ ನೀರಿನ ಗಾತ್ರವು ಎಷ್ಟನೆಯ ಪಾಲು ಎಂಬುದು. ಮೂರನೆಯದು, ಮಣ್ಣಿನ ರಂಧ್ರಗಳಲ್ಲಿ ಎಷ್ಟು ಪಾಲು ನೀರಿನಿಂದ ತುಂಬಿದೆ ಎಂಬುದು. ಮಣ್ಣಿನ ಗಾತ್ರದಲ್ಲಿ ಅರ್ಧ ಭಾಗವು ರಂಧ್ರವಾಗಿದ್ದು ನೀರು ಒಟ್ಟು ಗಾತ್ರದ 0.25 ಪಾಲಿದ್ದರೆ, ರಂಧ್ರಗಳ ಲೆಕ್ಕದಲ್ಲಿ ಅದು 0.50 ಆಗುವುದು. ಎರಡೂ ಮಾನವಿಲ್ಲದ ಭಿನ್ನರಾಶಿಗಳೇ. ಹೆಸರು ಸ್ಪಷ್ಟವಾಗಿಲ್ಲದಿದ್ದರೆ ಒಂದನ್ನು ಮತ್ತೊಂದೆಂದು ಭಾವಿಸುವುದು ಅತಿ ಸುಲಭ.

ತೂಕದ ಲೆಕ್ಕದಲ್ಲಿಯೂ ಅಪಾಯವುಂಟು. ಚದರ ಮೀಟರಿಗೆ ಒಂದು ಕಿಲೋಗ್ರಾಂ ನೀರೆಂದರೆ ಒಂದು ಮಿಲಿಮೀಟರು ಎತ್ತರದ ನೀರು. ಮೇಲಿನ 10 ಸೆಂಟಿಮೀಟರಿನಲ್ಲಿ 30 ಕಿಲೋಗ್ರಾಂ ನೀರಿದೆಯೆಂದರೆ ಗಾತ್ರದಲ್ಲಿ ಅದು 0.30 ಪಾಲು, ನೆಲವು ಚೆನ್ನಾಗಿ ನೆನೆದಿದೆಯೆಂದು ಅರ್ಥ. ಅದೇ 30 ಕಿಲೋಗ್ರಾಮನ್ನು 2 ಮೀಟರು ಆಳದ ಇಡೀ ಮಣ್ಣಿಗೆ ಹಂಚಿದರೆ 0.015 ಪಾಲು ಮಾತ್ರ. ಅದು ಗಿಡವು ಬದುಕಲಾರದ ಒಣನೆಲ. ಇನ್ನು, ಗಾತ್ರದಲ್ಲಿ 0.25 ಪಾಲು ನೀರಿರುವ ಎರಡು ಮಾದರಿಗಳಲ್ಲಿ ಒಂದರ ಆಳವು 2 ಮೀಟರು, ಮತ್ತೊಂದರದು 10 ಮೀಟರು ಇದ್ದರೆ, ಒಟ್ಟು ನೀರು ಮೊದಲನೆಯದರಲ್ಲಿ 500 ಕಿಲೋಗ್ರಾಂ, ಎರಡನೆಯದರಲ್ಲಿ 2500 ಕಿಲೋಗ್ರಾಂ. ಎರಡನೆಯ ನೆಲವು ಐದು ಮಡಿ ತೇವವುಳ್ಳದ್ದೆಂದು ಹೇಳುವುದು ಶುದ್ಧ ತಪ್ಪು.

ಇಂತಹ ಗೊಂದಲವನ್ನು ನಿವಾರಿಸುವುದಕ್ಕಾಗಿ ರಚಿತವಾದ ನಿಯಮಾವಳಿಯು ‘ಕ್ಲೈಮೇಟ್ ಅಂಡ್ ಫೋರ್‌ಕಾಸ್ಟ್’ ಎಂಬ ಹೆಸರಿನಿಂದ, ಸಂಕ್ಷೇಪವಾಗಿ ಸಿ.ಎಫ್. ಎಂದು, ಪ್ರಸಿದ್ಧವಾಗಿದೆ. ಇದರ ಮೊದಲ ಆವೃತ್ತಿಯು 2003ರಲ್ಲಿ ಹೊರಬಂದಿತು. ಪ್ರಮಾಣನಾಮಗಳ ಕೋಷ್ಟಕವು ಇದರ ಮುಖ್ಯಾಂಗ. ಕೋಷ್ಟಕದಲ್ಲಿ ಪ್ರತಿಯೊಂದು ಪರಿಮಾಣಕ್ಕೂ ಒಂದು ಹೆಸರು, ಒಂದು ಮೂಲಮಾನ, ಒಂದು ಲಕ್ಷಣವಾಕ್ಯ ಇವು ಕೊಡಲ್ಪಟ್ಟಿವೆ.

ಹೆಸರುಗಳ ರಚನೆಯು ವ್ಯಾಕರಣದಲ್ಲಿನ ಸಮಾಸದಂತೆ ವಿಗ್ರಹಿಸಿ ನೋಡತಕ್ಕದ್ದಾಗಿದೆ. ‘ಮಾಸ್ ಕಂಟೆಂಟ್ ಆಫ್ ವಾಟರ್ ಇನ್ ಸಾಯಿಲ್’ ಎಂಬ ಹೆಸರಿನಲ್ಲಿ ‘ಕಂಟೆಂಟ್’ ಎಂದರೆ ಒಂದು ಚದರ ಮೀಟರಿಗೆ ಇರುವ ಪ್ರಮಾಣ. ‘ವಾಟರ್’ ಎಂದರೆ ದ್ರವವೂ ಹಿಮವೂ ಸೇರಿ ಎಲ್ಲ ಅವಸ್ಥೆಗಳ ನೀರು. ‘ಸಾಯಿಲ್’ ಎಂದರೆ ಮೇಲ್ಮೈಯಿಂದ ಮಾದರಿಯ ತಳದವರೆಗಿನ ಇಡೀ ಮಣ್ಣು. ಕೊನೆಯಲ್ಲಿ ‘ಲೇಯರ್’ ಎಂಬ ಪದವು ಸೇರಿದರೆ ನಿರ್ದಿಷ್ಟವಾದ ಒಂದು ಪದರದ ನೀರೆಂದು ಅರ್ಥ. ಆ ಪದರವು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೆಸರಿನಲ್ಲಿ ಹೇಳುವುದಿಲ್ಲ. ದತ್ತಾಂಶದೊಡನೆ ಆಳದ ಮೇಲ್ಮಿತಿ ಕೆಳಮಿತಿಗಳಾಗಿ ಬೇರೆಯಾಗಿ ಕೊಡುತ್ತಾರೆ. ಗಾತ್ರದ ಪಾಲಿಗೆ ‘ವಾಲ್ಯೂಮ್ ಫ್ರಾಕ್ಷನ್’ ಎಂದು ಆರಂಭವಾಗುವ ಬೇರೆ ಹೆಸರುಂಟು. ರಂಧ್ರಗಳ ಪಾಲಿಗೆ ‘ಪೋರ್ಸ್’ ಎಂಬ ಪದವು ಕೂಡುವುದು.

ಈ ಹೆಸರುಗಳು ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. ಹಿಂದೆ ‘ಸಾಯಿಲ್ ಮಾಯ್ಶ್ಚರ್ ಕಂಟೆಂಟ್’ ಎಂದಿದ್ದುದನ್ನು ಬಿಟ್ಟು ಮೇಲ್ಕಂಡ ಹೆಸರನ್ನು ಅಂಗೀಕರಿಸಿದರು. ‘ತೇವ’ ಎಂಬ ಪದದಲ್ಲಿ ಹಿಮವು ಸೇರಿತೋ ಇಲ್ಲವೋ, ಹೇಳುವುದು ತೂಕವನ್ನೋ ಗಾತ್ರವನ್ನೋ ಎಂಬುದು ತಿಳಿಯುವುದಿಲ್ಲ. ಹೊಸ ಹೆಸರಿನಲ್ಲಿ ಇವೆರಡೂ ನಿಶ್ಚಿತವಾಗಿವೆ. ಆದರೂ ಹಳೆಯ ಹೆಸರನ್ನು ಅಳಿಸಿಹಾಕಲಿಲ್ಲ. ಪರ್ಯಾಯನಾಮವೆಂದು ಕೋಷ್ಟಕದಲ್ಲಿಯೇ ಉಳಿಸಿದರು. ಪೂರ್ವದ ದತ್ತಾಂಶಗಳು ಓದಲಾಗದೆ ಹೋಗಬಾರದೆಂಬುದೇ ಇದರ ಉದ್ದೇಶ.

ಪ್ರಮಾಣನಾಮವು ದೀರ್ಘವಾದುದರಿಂದ, ಮಾದರಿಗಳನ್ನು ಹೋಲಿಸುವ ಅಂತರರಾಷ್ಟ್ರೀಯ ಯೋಜನೆಯು ಹ್ರಸ್ವನಾಮಗಳನ್ನೂ ಗೊತ್ತುಮಾಡಿದೆ. ಇದರ ಆರನೆಯ ಹಂತದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ಮಾದರಿಯೂ ಭಾಗವಹಿಸಿತು. ಅಲ್ಲಿ ‘ಎಂ.ಆರ್.ಎಸ್.ಒ.’ ಎಂದರೆ ಇಡೀ ಮಣ್ಣಿನ ನೀರು. ಕೊನೆಗೆ ಇನ್ನೊಂದು ‘ಎಸ್.’ ಸೇರಿದರೆ ಮೇಲಿನ 10 ಸೆಂಟಿಮೀಟರಿನ ನೀರು ಮಾತ್ರ. ಒಂದು ಅಕ್ಷರದ ಅಂತರದಲ್ಲಿ ಎಷ್ಟು ಅರ್ಥಭೇದವಿದೆಯೆಂಬುದನ್ನು ಮೇಲಿನ ಲೆಕ್ಕದಿಂದ ವಾಚಕರು ಊಹಿಸಿಕೊಳ್ಳಬಹುದು.

ಹೆಸರು ಸ್ಪಷ್ಟವಾದರೆ ಒಂದು ಮೂಲದ ಸಂಖ್ಯೆಯನ್ನು ಮತ್ತೊಂದರೊಡನೆ ನ್ಯಾಯವಾಗಿ ಹೋಲಿಸಬಹುದು. ಯುರೋಪಿನ ಮಧ್ಯಮಾವಧಿ ಹವಾಮುನ್ಸೂಚನಾ ಕೇಂದ್ರದ ‘ಇ.ಆರ್.ಎ. 5’ ಎಂಬ ದತ್ತಾಂಶದಲ್ಲಿ ಮೊದಲ ಪದರವು 0ಯಿಂದ 7 ಸೆಂಟಿಮೀಟರು, ಎರಡನೆಯದು 7ರಿಂದ 28 ಸೆಂಟಿಮೀಟರು. ಮಾನವು ಗಾತ್ರದ ಪಾಲು. ಮೊದಲ ಪದರದಲ್ಲಿ 0.20, ಎರಡನೆಯದರಲ್ಲಿ 0.26 ಇದೆಯೆನ್ನೋಣ. ಮೇಲಿನ 10 ಸೆಂಟಿಮೀಟರಿನ ನೀರನ್ನು ಪಡೆಯಬೇಕಾದರೆ 70 ಮಿಲಿಮೀಟರನ್ನು 0.20ರಿಂದಲೂ ಉಳಿದ 30 ಮಿಲಿಮೀಟರನ್ನು 0.26ರಿಂದಲೂ ಗುಣಿಸಿ ಕೂಡಿಸತಕ್ಕದ್ದು. 14ಕ್ಕೆ 7.8 ಸೇರಿ 21.8 ಕಿಲೋಗ್ರಾಂ ಆಗುವುದು. ಮೊದಲ ಪದರವನ್ನೇ 10 ಸೆಂಟಿಮೀಟರೆಂದು ತಿಳಿದರೆ 20, ಅದರ ನೀರನ್ನು ಮಾತ್ರ ಎಣಿಸಿದರೆ 14 ಬರುವುದು. ಉಪಗ್ರಹಗಳಾದರೋ ಸುಮಾರು ಮೇಲಿನ 5 ಸೆಂಟಿಮೀಟರನ್ನು ಮಾತ್ರ ಗ್ರಹಿಸಬಲ್ಲವು. ಆ ಸಂಖ್ಯೆಯನ್ನು ಬೇರಿನ ಆಳದ ನೀರಿಗೆ ನೇರವಾಗಿ ಅನ್ವಯಿಸಲಾಗದು.

ಇಷ್ಟಾದರೂ ನಾಮಕರಣದಿಂದಲೇ ಸಕಲ ಕಷ್ಟಗಳೂ ಪರಿಹಾರವಾದುವೆಂದು ಹೇಳಲಾಗದು. ಒಂದೊಂದು ಮಾದರಿಯ ನೆಲದ ತೇವವೂ ಆ ಮಾದರಿಗೇ ವಿಶಿಷ್ಟವಾದ ಒಂದು ಸೂಚ್ಯಂಕವೆಂದು ಕಾಸ್ಟರ್ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರತಿಪಾದಿಸಿದ್ದಾರೆ. ರೈತರ ಅನುಭವವೂ ಇದಕ್ಕೆ ಹತ್ತಿರವಾದುದೇ. ಅಷ್ಟೇ ಪಾಲು ನೀರಿದ್ದರೂ ಮರಳು ಬೆರೆತ ಕೆಂಪುನೆಲವು ಹದವಾಗಿರಬಹುದು. ಎರೆಯ ನೆಲದಲ್ಲಿ ಜಿಗುಟುಮಣ್ಣು ಆ ನೀರನ್ನು ಬಿಗಿಯಾಗಿ ಹಿಡಿದಿರುವುದರಿಂದ ಪೈರು ಬಾಡಬಹುದು. ಆದುದರಿಂದಲೇ ಗಿಡವು ಬಾಡುವ ಮಟ್ಟಕ್ಕೂ, ಬಸಿದ ಮೇಲೆ ಮಣ್ಣು ಹಿಡಿದಿಟ್ಟುಕೊಳ್ಳುವ ಮಟ್ಟಕ್ಕೂ ಕೋಷ್ಟಕದಲ್ಲಿ ಪ್ರತ್ಯೇಕ ಹೆಸರುಗಳನ್ನು ಕೊಟ್ಟಿದ್ದಾರೆ. ತೇವದ ಸಂಖ್ಯೆಯೊಡನೆ ಈ ಎರಡು ಮಟ್ಟಗಳೂ ದೊರೆತಾಗಲೇ ಬೆಳೆಗೆ ಸಿಕ್ಕುವ ನೀರೆಷ್ಟೆಂಬುದು ನಿರ್ಣಯವಾಗುವುದು.

ಏಕರೂಪವಾದ ಹೆಸರು ಮಾದರಿಗಳ ದೋಷವನ್ನು ತಿದ್ದಲಾರದು. ಆದರೆ ಎರಡು ಸಂಖ್ಯೆಗಳು ಭಿನ್ನವಾಗಿರುವುದು ನೆಲದ ಸ್ಥಿತಿಯಿಂದಲೋ, ಮಾದರಿಯ ರಚನೆಯಿಂದಲೋ, ಕೇವಲ ಹೆಸರಿನ ಗೊಂದಲದಿಂದಲೋ ಎಂಬ ಮೂರು ಸಂಶಯಗಳಲ್ಲಿ ಕೊನೆಯದನ್ನು ಅದು ನಿವಾರಿಸುತ್ತದೆ. ಉಳಿದೆರಡನ್ನು ಪರಿಹರಿಸುವುದು ವೀಕ್ಷಣೆಯ ಮತ್ತು ಗಣಿತದ ಕೆಲಸ.