ಆಟೋಕ್ರಾಸ್‌ಗೆ ಕಾರು ಇಳಿಸುವ ಮುನ್ನ ಪಾಲಿಸಿ ಓದಿ

ಹುಬ್ಬಳ್ಳಿ: ಆಟೋಕ್ರಾಸ್ ಅಂದ್ರೆ ರಸ್ತೆ ರೇಸ್ ಅಲ್ಲ. ನಮ್ಮ ಕಡೆ ಹೆಚ್ಚಾಗಿ ಬಯಲಿನ ಮಣ್ಣಿನ ಟ್ರ್ಯಾಕ್‌. ಕೋನ್ ಇಟ್ಟು ದಾರಿ ಗುರುತು ಮಾಡಿರ್ತಾರೆ, ಕಡಿಮೆ ಟೈಮ್‌ನಲ್ಲಿ ಮುಗಿಸಿದವರು ಗೆದ್ದಂಗೆ. ಕೋನ್ ಬೀಳಿಸಿದ್ರೆ ಸೆಕೆಂಡ್ ಸೇರಿಸ್ತಾರೆ. ಅದಕ್ಕೇ ಮೊದಲು ಟ್ರ್ಯಾಕ್ ಪೂರ್ತಿ ನಡೆದು ನೋಡಬೇಕು.

ಮನೆಯ ಹಳೇ ಸ್ವಿಫ್ಟ್ ಆದರೂ ಸಾಕು. ಟೈರ್, ಬ್ರೇಕ್ ಆಯಿಲ್, ವ್ಹೀಲ್ ನಟ್ ಚೆಕ್ ಮಾಡಿಸಿ. ಡಿಕ್ಕಿಯ ಸ್ಟೆಪ್ನಿ, ಜಾಕ್, ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಇಳಿಸಿ. ತಿರುವಿನಲ್ಲಿ ಹಾರಿ ಬಂದು ಬಡಿಯುತ್ತವೆ. ಹೆಲ್ಮೆಟ್, ಬೆಲ್ಟ್ ಬೇಕೇ ಬೇಕು. ಧಾರವಾಡದ ಮಸಾರಿ ಮಣ್ಣು ಬೇರೆ, ನವಲಗುಂದ ಕಡೆಯ ಎರೆಮಣ್ಣು ಬೇರೆ. ಒಂದು ಮಳೆ ಬಿದ್ರೆ ಎರೆ ಟೈರಿಗೆ ಮೆತ್ತಿಕೊಂಡು ಗಾಡಿ ಜಾರುತ್ತೆ. ಬ್ರೇಕ್ ತಿರುವಿಗಿಂತ ಮುಂಚೆನೇ ಹಾಕಬೇಕು, ಒಳಗೆ ಹೋದ ಮೇಲಲ್ಲ.

ಬಹಳ ಜನ ಮರೆಯೋದು ಇನ್ಶೂರೆನ್ಸ್. ಸಾಮಾನ್ಯ ಖಾಸಗಿ ಕಾರು ಪಾಲಿಸಿಯಲ್ಲಿ ರೇಸ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ. ಟ್ರ್ಯಾಕ್‌ನಲ್ಲಿ ಗಾಡಿ ಪಲ್ಟಿಯಾದ್ರೆ ರಿಪೇರಿ ಕೈಯಿಂದಲೇ, ಕಂತು ಬಾಕಿ ಇದ್ರೆ ಅದೂ ನಿಲ್ಲಲ್ಲ. ಸ್ಪರ್ಧೆಗೆ ಎಫ್‌ಎಂಎಸ್‌ಸಿಐ ಮಾನ್ಯತೆ ಇದೆಯಾ, ಟ್ರ್ಯಾಕ್ ಬಳಿ ಆಂಬುಲೆನ್ಸ್ ಇರುತ್ತಾ ಅಂತ ಹಣ ಕಟ್ಟುವ ಮೊದಲೇ ಕೇಳಿ.

ಪ್ರಾಕ್ಟೀಸ್ ಅಂತ ಬೈಪಾಸ್‌ಗೆ ಹೋಗಬೇಡಿ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿ ಇಲ್ಲದೆ ರೇಸ್ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.